ಓದುಗರಿದ್ದೂ ಸತ್ತ ಪತ್ರಿಕೆಗಳು

ಬ್ರಿಟನ್ನಿನ ಪತ್ರಿಕಾ ಚರಿತ್ರೆಯನ್ನು ಬರೆಯುವವರು 1855ನ್ನು ಬಿಡುಗಡೆಯ ವರ್ಷವೆಂದು ಕೊಂಡಾಡುವುದು ವಾಡಿಕೆ. ಪತ್ರಿಕೆಗಳ ಮೇಲಿನ ಮುದ್ರಾಂಕ ತೆರಿಗೆ ಆ ವರ್ಷ ರದ್ದಾಯಿತು, 1861ರಲ್ಲಿ ಕಾಗದದ ಸುಂಕವೂ ಹೋಯಿತು. ಬೆಲೆ ಇಳಿದು ಪತ್ರಿಕೆ ಜನಸಾಮಾನ್ಯರ ಕೈಗೆ ಬಂತು. ಇದೆಲ್ಲ ನಿಜವೇ. ಆದರೆ ಈ ಗೆಲುವಿನ ಕಥೆಯಲ್ಲಿ ಸೋತವರಿಗೆ ಜಾಗವಿಲ್ಲ.

ತೆರಿಗೆ ಜಾರಿಯಲ್ಲಿದ್ದಾಗಲೇ, 1831ರಲ್ಲಿ, ಹೆನ್ರಿ ಹೆದರಿಂಗ್ಟನ್ ‘ಪೂರ್ ಮ್ಯಾನ್ಸ್ ಗಾರ್ಡಿಯನ್’ ಹೊರಡಿಸಿದ. ಬೆಲೆ ಒಂದು ಪೆನ್ನಿ, ಮುದ್ರಾಂಕವಿಲ್ಲ. ಕಾನೂನಿಗೆ ವಿರುದ್ಧವಾಗಿಯೇ ಹೊರಡುತ್ತಿದ್ದೇವೆಂದು ಮುಖಪುಟದಲ್ಲೇ ಸಾರಿದ ಪತ್ರಿಕೆ. ಹೆದರಿಂಗ್ಟನ್ ಜೈಲಿಗೆ ಹೋದ. ಇಂಥ ಪತ್ರಿಕೆಗಳನ್ನು ಬೀದಿಯಲ್ಲಿ ಮಾರಿದ ನೂರಾರು ಬಡವರೂ ಹೋದರು. 1837ರಲ್ಲಿ ಲೀಡ್ಸ್‌ನಲ್ಲಿ ಹುಟ್ಟಿದ, ದುಡಿಯುವವರಿಗೂ ಮತದಾನದ ಹಕ್ಕು ಬೇಕೆಂದು ಹೋರಾಡಿದ ಚಾರ್ಟಿಸ್ಟರ ‘ನಾರ್ದರ್ನ್ ಸ್ಟಾರ್’ ಅನ್ನು ಅಕ್ಷರ ಬಾರದವರೂ ಗುಂಪುಗೂಡಿ, ಬಲ್ಲವರಿಂದ ಓದಿಸಿ ಕೇಳುತ್ತಿದ್ದರು. ಬ್ರಿಟನ್ನಿನ ಜನಪ್ರಿಯ ಪತ್ರಿಕೋದ್ಯಮದ ಮೂಲ ಇಲ್ಲಿದೆ ಎಂಬುದು ನನ್ನ ಖಚಿತ ನಿಲುವು. ಆ ಪತ್ರಿಕೆಗಳು ಬದುಕಿದ್ದು ಓದುಗರು ಕೊಟ್ಟ ಕಾಸಿನಿಂದ.

1896ರ ಮೇ 4ರಂದು ಆಲ್‌ಫ್ರೆಡ್ ಹಾರ್ಮ್ಸ್‌ವರ್ತ್ ‘ಡೈಲಿ ಮೇಲ್’ ಅನ್ನು ಅರ್ಧ ಪೆನ್ನಿಗೆ ಮಾರತೊಡಗಿದಾಗ ಈ ಲೆಕ್ಕ ಬುಡಮೇಲಾಯಿತು. ಚುಟುಕು ಸುದ್ದಿ, ತಿಳಿಯಾದ ವಾಕ್ಯ, ಮಹಿಳೆಯರಿಗೆಂದೇ ಅಂಕಣ: ಅವನ ಕಸುಬುದಾರಿಕೆಯನ್ನು ಅಲ್ಲಗಳೆಯಲಾಗದು. ಆದರೆ ಅರ್ಧ ಪೆನ್ನಿಯಲ್ಲಿ ಅಂಥ ಪತ್ರಿಕೆ ಗಿಟ್ಟುವುದಿಲ್ಲ. ಉಳಿದದ್ದನ್ನು ಜಾಹೀರಾತುದಾರ ತುಂಬಬೇಕು. ಅವನಿಗೆ ಬೇಕಾದದ್ದು ಕೊಳ್ಳುವ ಶಕ್ತಿಯುಳ್ಳ ಓದುಗ.

ಹಾಗೆಂದು ಜನಪ್ರಿಯ ಶೈಲಿಯನ್ನೇ ಹಳಿಯುವ ಪಂಡಿತರ ಜೊತೆ ನಾನಿಲ್ಲ. ‘ಡೈಲಿ ಮಿರರ್’ ಅದಕ್ಕೆ ಉತ್ತರ. 1942ರಲ್ಲಿ ಅದು ಫಿಲಿಪ್ ಜೆಕ್‌ನ ವ್ಯಂಗ್ಯಚಿತ್ರವೊಂದನ್ನು ಅಚ್ಚುಹಾಕಿತು. ಹಡಗು ಮುಳುಗಿ, ತೆಪ್ಪಕ್ಕೆ ಅಂಟಿಕೊಂಡು ತೇಲುತ್ತಿರುವ ನಾವಿಕ. ಕೆಳಗೆ ಪೆಟ್ರೋಲ್ ಬೆಲೆ ಒಂದು ಪೆನ್ನಿ ಏರಿದ ಸುದ್ದಿ. ಇಷ್ಟಕ್ಕೇ, ಲಾಭಕ್ಕಾಗಿ ನಾವಿಕರು ಸಾಯುತ್ತಿದ್ದಾರೆ ಎಂಬ ಅರ್ಥ ಅದರಲ್ಲಿದೆಯೆಂದು ಚರ್ಚಿಲ್‌ನ ಯುದ್ಧಕಾಲದ ಸರ್ಕಾರ ಪತ್ರಿಕೆಯನ್ನು ಮುಚ್ಚಿಸುವ ಬೆದರಿಕೆ ಹಾಕಿತು. ಒಂದು ಚಿತ್ರ, ಒಂದು ಸಾಲು ಇಷ್ಟು ಗಟ್ಟಿಯಾಗಿ ಮಾತಾಡಬಲ್ಲದು.

ನನ್ನನ್ನು ಹೆಚ್ಚು ಕಾಡುವುದು ‘ಡೈಲಿ ಹೆರಾಲ್ಡ್’. ಲಂಡನ್ನಿನ ಮುದ್ರಣ ಕಾರ್ಮಿಕರ ಮುಷ್ಕರದ ಹಾಳೆಯಾಗಿ 1911ರಲ್ಲಿ ಕಾಣಿಸಿಕೊಂಡು, ಮುಂದೆ ದಿನಪತ್ರಿಕೆಯಾಗಿ, 1933ರಲ್ಲಿ 20 ಲಕ್ಷ ಪ್ರಸಾರ ಮುಟ್ಟಿತು. ಅದರ ಕೊನೆಗಾಲದಲ್ಲೂ 12 ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾಗುತ್ತಿದ್ದವು. ‘ದಿ ಟೈಮ್ಸ್’ ಪ್ರಸಾರ ಅದರ ಕಾಲು ಭಾಗದಷ್ಟೂ ಇರಲಿಲ್ಲ. ಆದರೂ ಟೈಮ್ಸ್ ಉಳಿಯಿತು, ಹೆರಾಲ್ಡ್ 1964ರಲ್ಲಿ ಹೋಯಿತು. ಅದರ ಓದುಗರು ದುಡಿಯುವ ಜನ, ವಯಸ್ಸಾದವರು. ಅವರನ್ನು ತಲುಪಲು ಜಾಹೀರಾತುದಾರರು ದುಡ್ಡು ಸುರಿಯಲಿಲ್ಲ. ಮುದ್ರಾಂಕ ತೆರಿಗೆಯಿಂದ ಆಗದ ಕೆಲಸವನ್ನು ಮಾರುಕಟ್ಟೆ ಸದ್ದಿಲ್ಲದೆ ಮುಗಿಸಿತು.

ಅದರ ಜಾಗದಲ್ಲಿ ಬಂದದ್ದು ‘ದಿ ಸನ್’. 1969ರಲ್ಲಿ ರೂಪರ್ಟ್ ಮರ್ಡಾಕ್ ಅದನ್ನು ಕೊಂಡ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ತಂಡದ 97 ಅಭಿಮಾನಿಗಳಿಗೆ ಸಾವಿನ ಏಟು ಬಿತ್ತು. ನಾಲ್ಕೇ ದಿನಕ್ಕೆ ‘ಸನ್’, ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರೆಂಬ ಸುಳ್ಳನ್ನು ‘ಸತ್ಯ’ ಎಂಬ ತಲೆಬರಹದಡಿ ಮುಖಪುಟದಲ್ಲಿ ಪ್ರಕಟಿಸಿತು. ಕಾರ್ಮಿಕರ ಪತ್ರಿಕೆಯ ಉತ್ತರಾಧಿಕಾರಿ ಕಾರ್ಮಿಕರ ಊರಾದ ಲಿವರ್‌ಪೂಲ್‌ಗೆ ಮಾಡಿದ ಈ ಅನ್ಯಾಯವನ್ನು ಆ ಊರು ಕ್ಷಮಿಸಲಿಲ್ಲ. ಲಿವರ್‌ಪೂಲ್‌ನ ಅನೇಕ ಅಂಗಡಿಗಳು ದಶಕಗಳ ನಂತರವೂ ಆ ಪತ್ರಿಕೆಯನ್ನು ಮಾರಲು ಒಪ್ಪಲಿಲ್ಲ.