ಎರಡು ನಿಮಿಷದ ಧೈರ್ಯ

ಆಫೀಸಿನಲ್ಲಿ ಮೊದಲ ಡೆಮೊ ಕೊಡುವ ದಿನ ನಾನು ಟಾಯ್ಲೆಟ್ಟಿನ ಬಾಗಿಲು ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಎದೆ ಉಬ್ಬಿಸಿ ಎರಡು ನಿಮಿಷ ನಿಂತಿದ್ದೆ. ನಗಬೇಡಿ. ಏಮಿ ಕಡಿಯವರ ಟೆಡ್ ಭಾಷಣ ನೋಡಿದ್ದರೆ ನೀವೂ ಒಮ್ಮೆ ನಿಂತಿರ್ತೀರಿ.

2012ರ ಆ ಭಾಷಣ ಹೇಳೋದು ಇಷ್ಟು: ಹಾಗೆ ಮೈ ಹರಡಿ ನಿಂತರೆ ಟೆಸ್ಟೋಸ್ಟೆರಾನ್ ಏರುತ್ತೆ, ಒತ್ತಡದ ಕಾರ್ಟಿಸಾಲ್ ಇಳಿಯುತ್ತೆ. ಇದಕ್ಕೆ ಆಧಾರ, 2010ರಲ್ಲಿ ಪ್ರಕಟವಾದ 42 ಜನರ ಪ್ರಯೋಗ. 2015ರಲ್ಲಿ ಬೇರೆ ಸಂಶೋಧಕರು 200 ಜನರ ಮೇಲೆ ಮತ್ತೆ ಮಾಡಿ ನೋಡಿದರು. ನಿಂತವರಿಗೆ ಬಲ ಬಂದಂತೆ ಅನ್ನಿಸಿತು. ಹಾರ್ಮೋನಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ, ಮೂಲ ಪ್ರಬಂಧದ ಮೊದಲ ಲೇಖಕಿ ಡೇನಾ ಕಾರ್ನಿಯವರೇ ಈ ಪರಿಣಾಮ ನಿಜವೆಂದು ತಾವು ನಂಬುವುದಿಲ್ಲ ಅಂತ ಬರೆದರು.

ನನಗೂ ಬಲ ಬಂದಂತೆ ಅನ್ನಿಸಿತ್ತು. 'ನೆಟ್‌ವರ್ಕ್ ಮಧ್ಯದಲ್ಲಿ ಹೋದರೆ?' ಅಂತ ಕ್ಲೈಂಟ್ ಕೇಳುವವರೆಗೆ. ನಾನದನ್ನು ಟೆಸ್ಟೇ ಮಾಡಿರಲಿಲ್ಲ.

ಹಾಗಂತ ಭಾಷಣ ಪೊಳ್ಳಲ್ಲ. ಕೊನೆಯ ಭಾಗದಲ್ಲಿ ಕಡಿ ತಮ್ಮ ಕತೆ ಹೇಳ್ತಾರೆ. 19ನೇ ವಯಸ್ಸಿನಲ್ಲಿ ಕಾರು ಅಪಘಾತ, ತಲೆಗೆ ಪೆಟ್ಟು, ಕಾಲೇಜು ಮುಗಿಸೋದು ಕಷ್ಟ ಅನ್ನೋ ಮಾತು. ಮುಂದೆ ಪ್ರಿನ್ಸ್‌ಟನ್‌ನಲ್ಲಿ, 20 ನಿಮಿಷದ ಒಂದು ಭಾಷಣಕ್ಕೆ ಹೆದರಿ ಹಿಂದಿನ ರಾತ್ರಿ ಓದೇ ಬಿಡ್ತೀನಿ ಅಂದಿದ್ದರು. ಅವರ ಗೈಡ್ ಬಿಡಲಿಲ್ಲ. ಕರೆದ ಕಡೆಯೆಲ್ಲ ಹೋಗಿ ಮಾತಾಡು, ಹೆದರಿಕೆಯಾದರೂ ಮಾತಾಡು ಅಂದರು. ಕಡಿ ಹಾಗೇ ಮಾಡಿದರು.

ನನ್ನ ತಕರಾರು ಇಲ್ಲೇ. ಇದನ್ನವರು 'ನಟಿಸುತ್ತಾ ಹಾಗೇ ಆಗುವುದು' ಅಂತಾರೆ. ನಡುಗುತ್ತಲೇ ಮತ್ತೆ ಮತ್ತೆ ವೇದಿಕೆ ಹತ್ತುವುದು ನಟನೆ ಹೇಗಾಗುತ್ತೆ? ಅದು ಅಭ್ಯಾಸ. 'ನನ್ನ ಕೈಲಾಗುತ್ತೆ' ಅನ್ನುವ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಮೂಲ ತಾನೇ ಮಾಡಿ ಗೆದ್ದ ಅನುಭವ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು. ಕಡಿಯವರ ಬದುಕು ಅದಕ್ಕೆ ಸಾಕ್ಷಿ. ಅವರು ನಮಗೆ ಹಂಚಿದ್ದು ಮಾತ್ರ ಎರಡು ನಿಮಿಷದ ಭಂಗಿ.

ನಮ್ಮೂರಲ್ಲಿ ಈಜು ಕಲಿಸೋಕೆ ಬೆನ್ನಿಗೆ ಖಾಲಿ ಕ್ಯಾನು ಕಟ್ಟಿ ಬಾವಿಗೆ ಇಳಿಸೋರು. ಮೂಗಿಗೆ ನೀರು ಹೋಗೋದು, ಅಳೋದು, ಮಾರನೇ ದಿನ ಮತ್ತೆ ಇಳಿಯೋದು. ಒಂದು ದಿನ ಮಾವ ಕ್ಯಾನು ಬಿಚ್ಚಿದರು. ತೇಲಿದೆ. ದಡದಲ್ಲಿ ಎದೆಯುಬ್ಬಿಸಿ ನಿಂತು ಈಜು ಕಲಿತವರನ್ನು ನಾನಂತೂ ನೋಡಿಲ್ಲ.

ಡೆಮೊ ಅಂದ್ರೆ ಈಗಲೂ ಕೈ ನಡುಗುತ್ತೆ. ಆದರೆ ಹಿಂದಿನ ಸಂಜೆ ನಾನೇ ಮೂರು ಸಲ ನೆಟ್‌ವರ್ಕ್ ಕಿತ್ತು ನೋಡಿರ್ತೀನಿ.