ಸಾಕ್ಷಿಕಟ್ಟೆಯಲ್ಲಿ ನಿಂತ ಕನ್ನಡ

ಕರ್ನಾಟಕದ ಅಪರಾಧಗಳಿಗೆ ಒಟಿಟಿಯಲ್ಲಿ ಒಳ್ಳೆಯ ಬೆಲೆಯಿದೆ. 2021ರಲ್ಲಿ ನೆಟ್‌ಫ್ಲಿಕ್ಸ್ ಬೆಂಗಳೂರು ಪೊಲೀಸರ ಬೆನ್ನು ಹತ್ತಿ ‘ಕ್ರೈಮ್ ಸ್ಟೋರೀಸ್: ಇಂಡಿಯಾ ಡಿಟೆಕ್ಟಿವ್ಸ್’ ಮಾಡಿತು. 2023ರಲ್ಲಂತೂ ಸುಗ್ಗಿ. ದಿವಾನ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳು ಶಾಕಿರಾ ಖಲೀಲಿಯ ಕೊಲೆಯ ಮೇಲೆ ‘ಡಾನ್ಸಿಂಗ್ ಆನ್ ದ ಗ್ರೇವ್’, ಸಯನೈಡ್ ಮೋಹನನ ನೆರಳು ಬಿದ್ದ ‘ದಹಾಡ್’, ‘ದ ಹಂಟ್ ಫಾರ್ ವೀರಪ್ಪನ್’, ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಮೇಲೆ ‘ಸ್ಕ್ಯಾಮ್ 2003’ ಒಂದರ ಹಿಂದೊಂದು ಬಂದವು. ನವಿ ಮುಂಬಯಿಯ ಸಾನಪಾಡಾದ ನಮ್ಮ ಫ್ಲಾಟಿನಲ್ಲಿ ಕೂತು ಎಲ್ಲವನ್ನೂ ನೋಡಿದ್ದೇನೆ, ಕೆಲವನ್ನು ಎರಡೆರಡು ಸಲ. ಇವುಗಳಲ್ಲಿ ಕನ್ನಡ ಇಲ್ಲವೆನ್ನಲಾಗದು. ಆದರೆ ಇದ್ದಲ್ಲೆಲ್ಲ ಅದು ನಿಂತಿರುವುದು ಸಾಕ್ಷಿಕಟ್ಟೆಯಲ್ಲಿ. ಕರೆದಾಗ ಬರುತ್ತದೆ, ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತದೆ, ಇಳಿದು ಹೋಗುತ್ತದೆ. ಕಥೆ ಕಟ್ಟುವ ಹಕ್ಕು ಬೇರೆಯವರ ಕೈಯಲ್ಲಿದೆ.

‘ಕ್ರೈಮ್ ಸ್ಟೋರೀಸ್’ ಬಗ್ಗೆ ನನಗೆ ಗೌರವ ಇದೆ. ಎನ್. ಅಮಿತ್ ಮತ್ತು ಜಾಕ್ ರಾಂಪ್ಲಿಂಗ್ ಠಾಣೆಯೊಳಗೆ ಕ್ಯಾಮೆರಾ ಇಟ್ಟು ತಾಳ್ಮೆಯಿಂದ ಕಾದಿದ್ದಾರೆ. ಸಿನಿಮಾದ ಪೊಲೀಸರು ಎಂದೂ ಆಡದ ಕನ್ನಡ ಅಲ್ಲಿ ಕೇಳುತ್ತದೆ. ಗದರಿಕೆ ಇದ್ದಕ್ಕಿದ್ದಂತೆ ಸಮಾಧಾನದ ಮಾತಾಗುವುದು, ಪೇದೆಗಳು ತಮ್ಮತಮ್ಮಲ್ಲೇ ಗೊಣಗುವುದು, ನಿದ್ದೆಗೆಟ್ಟ ದನಿಗಳು, ಎಲ್ಲವೂ. ಆದರೆ ಕ್ಯಾಮೆರಾದ ಕಡೆ ತಿರುಗಿ ಈ ಊರು ಏನು, ಇಲ್ಲಿ ಅಪರಾಧ ಏಕೆ ಹೆಚ್ಚುತ್ತಿದೆ ಎಂದು ವಿವರಿಸುವ ಹೊತ್ತಿಗೆ ಮಾತು ಇಂಗ್ಲಿಷಿನ ಕಡೆ ವಾಲುತ್ತದೆ. ಅನುಭವಿಸುವುದು ಕನ್ನಡದಲ್ಲಿ, ಅರ್ಥ ಹೇಳುವುದು ಇಂಗ್ಲಿಷಿನಲ್ಲಿ. ಮೊದಲ ಕಂತಿನ ಪ್ರಸಾರಕ್ಕೆ ಅದೇ ವರ್ಷ ಕರ್ನಾಟಕ ಹೈಕೋರ್ಟ್ ತಡೆ ಕೊಟ್ಟಿತು. ವಿಚಾರಣೆ ಮುಗಿಯದ ಕೇಸಿನ ಆರೋಪಿಯನ್ನು ಜಗತ್ತಿನ ಮುಂದೆ ತಂದು ಕೂರಿಸಿದರೆ ಆಗುವುದೇ ಅದು.

ಮುಂಬಯಿಯ ಕಡೆ ಹುಟ್ಟಿ ಬೆಳೆದ ಕನ್ನಡದ ಮಕ್ಕಳ ಜೊತೆ ಕೂತು ಇಂಥದ್ದನ್ನು ನೋಡಿದರೆ ಒಂದು ಸಂಗತಿ ಬೇಗ ಕಣ್ಣಿಗೆ ಬೀಳುತ್ತದೆ. ನನ್ನ ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ರಭಸದ ಮಾತು ಕೈಗೆ ಸಿಗುವುದಿಲ್ಲ. ಹಾಗಾಗಿ ಕೆಳಗಿನ ಇಂಗ್ಲಿಷ್ ಸಾಲು ಓದುತ್ತಾಳೆ. ತೆರೆಯ ಮೇಲೆ ಆರೋಪಿ ತಡವರಿಸುತ್ತಾ, ಉಗುಳು ನುಂಗುತ್ತಾ ಮಾತಿಗೆ ಹುಡುಕಾಡುತ್ತಿರುವಾಗಲೇ ಅವಳು ವಾಕ್ಯ ಓದಿ ಮುಗಿಸಿರುತ್ತಾಳೆ. ‘ಒಪ್ಪಿಕೊಂಡ ಬಿಡು’ ಎಂದು ನನಗಿಂತ ಮೊದಲೇ ತೀರ್ಪು ಕೊಡುತ್ತಾಳೆ. ಅವನು ಇನ್ನೂ ಒಪ್ಪಿಕೊಂಡಿರುವುದಿಲ್ಲ. ನಿಜಾಪರಾಧದ ಸಾಕ್ಷ್ಯಚಿತ್ರದಲ್ಲಿ ಆ ತಡವರಿಕೆಯೇ ಅರ್ಧ ಕಥೆ. ಕೆಳಗಿನ ಆ ಇಂಗ್ಲಿಷ್ ಸಾಲಿಗೆ ಅದು ಬೇಕಿಲ್ಲ, ಮಾಹಿತಿ ಸಾಕು.

‘ಡಾನ್ಸಿಂಗ್ ಆನ್ ದ ಗ್ರೇವ್’ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ರಿಚ್‌ಮಂಡ್ ರಸ್ತೆಯ ಬಂಗಲೆ, ಹಳೆಯ ಫೋಟೋಗಳು, ಇಂಗ್ಲಿಷ್ ಬೆಂಗಳೂರಿನ ನಿಟ್ಟುಸಿರು. ಮನೆಯ ಆಳನ್ನು ಹೆಂಡದಂಗಡಿಗೆ ಕರೆದೊಯ್ದು ಬಾಯಿ ಬಿಡಿಸಿದ್ದು ಒಬ್ಬ ಪೇದೆ ಎಂಬುದು ಈ ಕೇಸಿನ ಸುತ್ತ ಬಹುಕಾಲದಿಂದ ಓಡಾಡುವ ಕಥೆ. ನನ್ನನ್ನು ಕೇಳಿದರೆ ಸರಣಿ ಆ ಹೆಂಡದಂಗಡಿಯಿಂದಲೇ ಶುರುವಾಗಬೇಕಿತ್ತು.

ವೀರಪ್ಪನ್ ಸರಣಿಯದು ಬೇರೆ ಮಾತು. ನಿರ್ದೇಶಕ ಸೆಲ್ವಮಣಿ ಸೆಲ್ವರಾಜ್ ನಾಲ್ಕು ಕಂತುಗಳಲ್ಲಿ ಇಟ್ಟ ಹೆಜ್ಜೆಗಳು ಗಟ್ಟಿಯಾಗಿವೆ. ಮುತ್ತುಲಕ್ಷ್ಮಿಯನ್ನು ಗಂಡನ ಕಥೆ ಹೇಳುವ ಹೆಂಗಸಾಗಿ ಕೂರಿಸಿ, ಆಕೆಯ ತಮಿಳಿಗೆ ಪುರುಸೊತ್ತು ಕೊಟ್ಟಿದ್ದಾರೆ. ಆಕೆ ನಗುತ್ತಾಳೆ, ಜಂಬ ಪಡುತ್ತಾಳೆ, ಕಾಡಿನ ಸಂಸಾರ ನೆನೆಯುತ್ತಾಳೆ. ನೋಡುತ್ತ ನೋಡುತ್ತ ನೂರಾರು ಆನೆ, ನೂರಕ್ಕೂ ಹೆಚ್ಚು ಜನರನ್ನು ಕೊಂದನೆಂಬ ಆರೋಪ ಹೊತ್ತವನ ಬಗ್ಗೆ ಮನಸ್ಸು ಮೆತ್ತಗಾಗುತ್ತಿದೆಯಲ್ಲ ಎಂದು ನಮಗೇ ಗಾಬರಿಯಾಗುತ್ತದೆ. ಈ ಗಾಬರಿ ಹುಟ್ಟಿಸುವುದು ಸಣ್ಣ ಕಸುಬಲ್ಲ. ಅದೇ ಪುರುಸೊತ್ತು ಕನ್ನಡದ ಕಡೆಯವರಿಗೆ ಸಿಕ್ಕಿಲ್ಲ. ಅವರು ದಿನಾಂಕ, ಜಾಗ, ಗುಂಡಿನ ಲೆಕ್ಕ ಹೇಳುವವರು. 1991ರಲ್ಲಿ ಹತ್ಯೆಯಾದ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಗೋಪಿನಾಥಂನಲ್ಲಿ ಜನರ ನಡುವೆ ಬಾಳಿದ ರೀತಿಯೇ ಒಂದು ಸರಣಿಗೆ ಸಾಕಾಗುವ ವಸ್ತು. 2000ನೇ ಇಸವಿ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರ್ ಅಪಹರಣವಾಯಿತು. ಆ 108 ದಿನ ಕನ್ನಡನಾಡು ಉಸಿರು ಬಿಗಿಹಿಡಿದಿತ್ತು. ಇಲ್ಲಿ ಮುಂಬಯಿಯ ಉಡುಪಿ ಹೋಟೆಲುಗಳ ಗಲ್ಲಾದಲ್ಲೂ ಬೇರೆ ಮಾತಿರಲಿಲ್ಲ. ಸರಣಿಯಲ್ಲಿ ಅದು ಬೇಟೆಯ ಒಂದು ತಿರುವು ಅಷ್ಟೇ.

ಇದಕ್ಕೆ ಸೆಲ್ವಮಣಿಯವರನ್ನು ದೂರುವುದು ತಪ್ಪು. ಅವರು ತಮಗೆ ಗೊತ್ತಿದ್ದ ಬಾಗಿಲು ತಟ್ಟಿದರು, ಅದು ತೆರೆಯಿತು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ವೀರಪ್ಪನ್ ಬೇಟೆಗೆ ಬಂದ ಪೊಲೀಸ್ ಕಾರ್ಯಪಡೆಯ ಹಿಂಸೆ ಉಂಡವರಿದ್ದಾರೆ. ಅವರ ಗೋಳು ಕೇಳಲು ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಸಮಿತಿಯನ್ನೇ ನೇಮಿಸಬೇಕಾಯಿತು. ಅವರ ಜಗಲಿಯಲ್ಲಿ ಕೂತು ಕನ್ನಡದಲ್ಲಿ ನಿಧಾನವಾಗಿ ಕೇಳುವ ಒಂದು ಸರಣಿಯನ್ನು ನಮ್ಮವರು ಮಾಡಿದ್ದು ನಾನು ಕಂಡಿಲ್ಲ. ನಮ್ಮಲ್ಲಿ ಬಂದದ್ದು 2013ರ ‘ಅಟ್ಟಹಾಸ’. ಅದು ಸಿನಿಮಾ, ಹೆಸರಿಗೆ ತಕ್ಕ ಸದ್ದಿನದು.

ತೆಲಗಿಯ ಸರಣಿ ನಮ್ಮ ಕಡೆಯವರಿಗೆ ಇನ್ನೊಂದು ಕಾರಣಕ್ಕೆ ಹತ್ತಿರದ್ದು. ಖಾನಾಪುರದ ರೈಲಿನಲ್ಲಿ ಹಣ್ಣು ಮಾರುತ್ತಿದ್ದ ಹುಡುಗ ಮುಂಬಯಿಗೆ ಬಂದು ನಕಲಿ ಛಾಪಾಕಾಗದದ ಸಾಮ್ರಾಜ್ಯ ಕಟ್ಟುತ್ತಾನೆ. ಬೆಳಗಾವಿ, ಕಾರವಾರ, ಮಂಗಳೂರು ಕಡೆಯಿಂದ ಬಸ್ಸು ಹತ್ತಿ ಬಂದ ಸಾವಿರಾರು ಹುಡುಗರ ದಾರಿಯೂ ಆರಂಭದಲ್ಲಿ ಇದೇ, ಕೊನೆ ಮಾತ್ರ ಬೇರೆ. ಗಗನ್ ದೇವ್ ರಿಯಾರ್ ನಟನೆ ಅದ್ಭುತ. ಬೆಣ್ಣೆಯಂಥ ಮಾತು, ಒಳಗೆ ಲೆಕ್ಕ. ಆದರೆ ಖಾನಾಪುರ ಎಂದರೆ ಕನ್ನಡ, ಮರಾಠಿ, ಕೊಂಕಣಿ, ದಖನಿ ಉರ್ದು ಒಂದೇ ಚಹಾದಂಗಡಿಯಲ್ಲಿ ಕೂರುವ ಊರು. ನಾಲ್ಕು ಭಾಷೆಯಲ್ಲಿ ನಾಲ್ಕು ಮುಖ ತೋರಿಸಬಲ್ಲವನಿಗೆ ನಾಸಿಕ್ ಮುದ್ರಣಾಲಯದ ಗುಮಾಸ್ತನನ್ನೂ ಮಂತ್ರಾಲಯದ ದೊಡ್ಡವರನ್ನೂ ಒಲಿಸುವುದು ಕಷ್ಟವಲ್ಲ. ಅವನ ಬಂಡವಾಳವೇ ಅದಾಗಿತ್ತು ಎಂದು ನನ್ನ ಗುಮಾನಿ. ಸರಣಿ ಊರನ್ನು ಪೀಠಿಕೆ ಮಾಡಿ, ಹಿಂದಿಯ ಹೆದ್ದಾರಿ ಹಿಡಿದುಬಿಟ್ಟಿತು.

ಹಾಗಂತ ಊರು ಬದಲಿಸಿದರೆ ಕೆಡುತ್ತದೆ ಎಂದಲ್ಲ. ‘ದಹಾಡ್’ ಇದಕ್ಕೆ ಉತ್ತರ. ದಕ್ಷಿಣ ಕನ್ನಡದ ಶಿಕ್ಷಕ ಮೋಹನ ಬಡ ಮನೆಯ, ವರದಕ್ಷಿಣೆಯಿಲ್ಲದೆ ಮದುವೆ ನಿಂತ ಹೆಣ್ಣುಮಕ್ಕಳನ್ನು ನಂಬಿಸಿ ಕರೆದೊಯ್ದು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಯನೈಡ್‌ನಿಂದ ಕೊಂದ ಪ್ರಕರಣವನ್ನು ರೀಮಾ ಕಾಗ್ತಿ, ಜೋಯಾ ಅಖ್ತರ್ ರಾಜಸ್ಥಾನಕ್ಕೆ ಒಯ್ದರು. ಕರಾವಳಿಯ ಬಣ್ಣ ಬಳಿಯಲು ಹೋಗದೆ ಅಲ್ಲಿನ ಜಾತಿಯ ನೆಲದಲ್ಲೇ ಕಥೆಯನ್ನು ಹೊಸದಾಗಿ ನೆಟ್ಟರು. ದಲಿತ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಆ ನೆಲದಲ್ಲೇ ಹುಟ್ಟಿದಂತೆ ಕಾಣುತ್ತಾಳೆ. ಕಾಣೆಯಾದ ಹುಡುಗಿ ‘ಓಡಿಹೋದಳು’ ಎಂದು ಮನೆಯವರೇ ಫೈಲು ಮುಚ್ಚುವ ಆ ಸಂಕಟ ಬಂಟ್ವಾಳ, ಪುತ್ತೂರಿನ ಮನೆಗಳದ್ದೇ. ಐದು ಸರಣಿಗಳಲ್ಲಿ ಇದನ್ನೇ ನಾನು ಮೇಲಿಡುತ್ತೇನೆ, ಕನ್ನಡದ ಒಂದು ಮಾತೂ ಇಲ್ಲದಿದ್ದರೂ.

ಇನ್ನು ನಮ್ಮವರೇ ನಮ್ಮ ಭಾಷೆಯಲ್ಲಿ ಮಾಡಿದ್ದು. 2025ರಲ್ಲಿ ಜೀ5 ಕನ್ನಡಕ್ಕೆ ಕೊನೆಗೂ ಕಣ್ಣು ತೆರೆಯಿತು: ಏಪ್ರಿಲಿನಲ್ಲಿ ‘ಅಯ್ಯನ ಮನೆ’, ಆಗಸ್ಟಿನಲ್ಲಿ ‘ಶೋಧ’, ಅಕ್ಟೋಬರಿನಲ್ಲಿ ‘ಮಾರಿಗಲ್ಲು’. ಚಿಕ್ಕಮಗಳೂರು, ಮಡಿಕೇರಿ, ಶಿರಸಿ. ಮೂರೂ ಕಡೆ ಮರ, ಮಳೆ, ಮಂಜು, ಹಳೆಯ ಗುಟ್ಟು. ರಮೇಶ್ ಇಂದಿರಾ ‘ಅಯ್ಯನ ಮನೆ’ಯಲ್ಲಿ ಸೊಸೆಯ ಭಯವನ್ನು ಅಡುಗೆಮನೆಯ ಒಳಗಿಂದಲೇ ಕಟ್ಟಿದ ರೀತಿ ಹಿಡಿಸಿತು. ಆದರೂ ಮಂಜು ಬೇಗ ಸಿಗುವ ಸಾಮಗ್ರಿ. ಹತ್ತಡಿ ಆಚೆ ಏನೂ ಕಾಣದಿದ್ದರೆ ಸಮಾಜವನ್ನು ತೋರಿಸುವ ಕೆಲಸವೂ ತಪ್ಪುತ್ತದೆ. ಟಿ.ಎನ್. ಸೀತಾರಾಮ್ ‘ಮಾಯಾಮೃಗ’ದಲ್ಲಿ, ಆಮೇಲಿನ ಧಾರಾವಾಹಿಗಳಲ್ಲಿ ಬಿರುಬಿಸಿಲಿನ ಮಧ್ಯಮ ವರ್ಗದ ಮನೆ, ಕೋರ್ಟು, ಸಾಲ, ಕೆಲಸ ಹೋದ ಅಪ್ಪ ಇವನ್ನೇ ಇಟ್ಟುಕೊಂಡು ಜನರನ್ನು ದಿನಾ ಕೂರಿಸಿದ್ದರು. ಆ ದಾರಿ ಯಾಕೆ ಹುಲ್ಲು ಬೆಳೆದು ಮುಚ್ಚಿತು?

ಮುಚ್ಚದೆ ಉಳಿಸಲು ನೋಡಿದವರಿಗೆ ಆದದ್ದೂ ಗೊತ್ತೇ ಇದೆ. ರಕ್ಷಿತ್ ಶೆಟ್ಟಿ ಬೆನ್ನಿಗೆ ನಿಂತ ‘ಏಕಂ’ ಕರಾವಳಿಯ ಏಳು ಕಥೆಗಳ ಸರಣಿ. ವೇದಿಕೆಗಳು ಬಾಗಿಲು ತೆರೆಯಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ಏಳೂ ಒಂದೇ ತೂಕದವಲ್ಲ, ಎರಡು ಕಥೆ ಜಾಳು. ಆದರೆ ಮೀನು ವಾಸನೆ, ಯಕ್ಷಗಾನದ ಹಿಂದಿನ ಕೋಣೆಯ ಬೆವರು ಬಲ್ಲ ಕಣ್ಣು ಅಲ್ಲಿದೆ. ಇದೇ ‘ಏಕಂ’ ತಂಡದ ಸುಮಂತ್ ಭಟ್ ‘ಮಿಥ್ಯ’ವನ್ನೂ ಮಾಡಿದರು. ತಂದೆ ತಾಯಿ ಕಳಕೊಂಡ ಮುಂಬಯಿಯ ಹನ್ನೊಂದರ ಹುಡುಗ ಉಡುಪಿಯ ಚಿಕ್ಕಮ್ಮನ ಮನೆಗೆ ಹೋಗುವ ಸಿನಿಮಾ. ಅಲ್ಲೂ ಒಂದು ಅಪರಾಧದ ನೆರಳಿದೆ, ಆದರೆ ಭಟ್ ಯಾರನ್ನೂ ಕಟ್ಟೆ ಹತ್ತಿಸುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ನನಗೆ ಬೇಕೆನ್ನಿಸುವುದು ಯಶವಂತ ಚಿತ್ತಾಲರ ‘ಶಿಕಾರಿ’. 1979ರ ಕಾದಂಬರಿ. ಕಂಪನಿ ತನ್ನ ಅಧಿಕಾರಿ ನಾಗಪ್ಪನನ್ನು ಅಮಾನತು ಮಾಡುತ್ತದೆ, ತನಿಖೆಯ ಬಲೆ ಸುತ್ತಿಕೊಳ್ಳುತ್ತದೆ. ಮುಂಬಯಿಯ ಖೋಲಿಯಲ್ಲಿ ಕೂತ ಆರೋಪಿಯ ತಲೆಯೊಳಗಿಂದಲೇ ಇಡೀ ನಗರ ಕಾಣಿಸುತ್ತದೆ. ನಾಗಪ್ಪನಂಥವರು ನಮ್ಮ ಸುತ್ತಲೇ ಇದ್ದಾರೆ: ನಮ್ಮ ಪಕ್ಕದ ತುರ್ಭೆಯಿಂದ ಥಾಣೆಯವರೆಗಿನ ರಸಾಯನ ಕಾರ್ಖಾನೆಗಳ ಸಾಲಿನಲ್ಲಿ ದುಡಿದು ನಿವೃತ್ತರಾದ ಕನ್ನಡದ ಕೆಮಿಸ್ಟರು, ಅಕೌಂಟೆಂಟರು ಸಾನಪಾಡಾದ ಕಟ್ಟಡಗಳಲ್ಲಿ ಈಗಲೂ ಸಿಗುತ್ತಾರೆ. ಆಫೀಸಿನ ಇಂಗ್ಲಿಷು, ಲಿಫ್ಟಿನ ಹಿಂದಿ, ತರಕಾರಿಯವನ ಹತ್ತಿರ ಮರಾಠಿ, ಒಳಗೆ ಮಾತ್ರ ಉತ್ತರ ಕನ್ನಡದ ಹಳ್ಳಿಯ ಮಾತು. ಇದನ್ನು ಬರೆಯಬಲ್ಲ ಸಂಭಾಷಣೆಕಾರ ಬೆಂಗಳೂರಿನ ಸ್ಟುಡಿಯೋದಲ್ಲಿ ಸಿಗುವುದು ಕಷ್ಟ. ಹಾರ್ಬರ್ ಲೈನಿನ ಬೆಳಗಿನ ಗಾಡಿಯಲ್ಲಿ ಹುಡುಕಬೇಕು, ಅದೂ ಅವನಿಗೆ ಕೂರಲು ಸೀಟು ಸಿಕ್ಕಿದ್ದರೆ.