ಟೇಪಿನ ಅಳತೆಗೆ ಸಿಕ್ಕಿದ್ದು, ಸಿಗದೇ ಹೋದದ್ದು

ಐಟಿ ಪ್ರಾಜೆಕ್ಟುಗಳನ್ನು ನಡೆಸುವ ನಮ್ಮಂಥವರಿಗೆ ಒಂದು ಚಾಳಿ ಇದೆ. ಟೀಮಿನಲ್ಲಿ ಯಾರಾದರೂ ಬಂದು "ನನಗೆ ಅನ್ಯಾಯ ಆಗ್ತಿದೆ ಅನ್ಸುತ್ತೆ" ಎಂದರೆ ನಾವು ಮೊದಲು ಕೇಳುವುದು, "ಡೇಟಾ ಇದೆಯಾ?" ಹಾಗೆ ಕೇಳುವುದೇ ನಿಷ್ಪಕ್ಷಪಾತ ಎಂದು ಇಷ್ಟು ವರ್ಷ ನಂಬಿದ್ದೆ. ಅಮೆರಿಕದ ಪತ್ರಕರ್ತೆ ಕೇಟ್ ಝರ್ನಿಕಿ ಬರೆದ 'ದಿ ಎಕ್ಸೆಪ್ಷನ್ಸ್' (2023) ಓದಿದ ಮೇಲೆ ಆ ಪ್ರಶ್ನೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿಲ್ಲ.

ಪುಸ್ತಕದ ನಡುಮಧ್ಯೆ ಒಂದು ಟೇಪು ಇದೆ, ಬಡಗಿಗಳು ಹಿಡಿಯುವಂಥದ್ದು. 1990ರ ದಶಕದ ಆರಂಭ. ಎಂ.ಐ.ಟಿ.ಯ ಜೀವಶಾಸ್ತ್ರ ವಿಭಾಗದ ಪ್ರೊಫೆಸರ್ ನ್ಯಾನ್ಸಿ ಹಾಪ್ಕಿನ್ಸ್ ಜೀಬ್ರಾಫಿಶ್ ಎಂಬ ಪುಟ್ಟ ಮೀನಿನ ಮೇಲೆ ಸಂಶೋಧನೆ ಶುರುಮಾಡಿದ್ದಾರೆ. ಮೀನಿನ ತೊಟ್ಟಿಗಳನ್ನಿಡಲು 200 ಚದರ ಅಡಿ ಹೆಚ್ಚಿನ ಜಾಗ ಕೇಳುತ್ತಾರೆ. ನಿಮಗೆ ಬೇರೆಯವರಷ್ಟೇ ಜಾಗ ಇದೆ ಎಂಬ ಉತ್ತರ ಬರುತ್ತದೆ. ರಾತ್ರಿ, ಎಲ್ಲರೂ ಮನೆಗೆ ಹೋದ ಮೇಲೆ, ಆಕೆ ಟೇಪು ಹಿಡಿದು ಪ್ರಯೋಗಾಲಯಗಳನ್ನು ಒಂದೊಂದಾಗಿ ಅಳೆಯುತ್ತಾರೆ. ತನ್ನದು 1500 ಚದರ ಅಡಿ. ಈಚೆಗೆ ಸೇರಿದ ಕಿರಿಯ ಗಂಡಸರದು 2000. ತನ್ನ ಸರೀಕ ಹಿರಿಯ ಗಂಡಸರದು ಸರಾಸರಿ 3000. ಅಷ್ಟಾದರೂ ಬಾಗಿಲು ತೆರೆಯಲಿಲ್ಲ. ತಾವೇ ಸಹೋದ್ಯೋಗಿಯೊಬ್ಬರ ಜತೆ ಸೇರಿ ಕಟ್ಟಿದ ಕೋರ್ಸನ್ನು ಕಲಿಸುವುದರಿಂದಲೂ ಅವರನ್ನು ಕೈಬಿಡಲಾಯಿತು.

ಇಷ್ಟೇ ಆಗಿದ್ದರೆ ಇದು ಒಬ್ಬ ದಿಟ್ಟೆಯ ಕಥೆ ಆಗುತ್ತಿತ್ತು. ಆದರೆ ಝರ್ನಿಕಿ ಆ ಟೇಪಿಗೆ ಬರಲು ಪುಸ್ತಕದ ಅರ್ಧಕ್ಕೂ ಹೆಚ್ಚು ಪುಟ ತೆಗೆದುಕೊಳ್ಳುತ್ತಾರೆ. ಮೊದಲ ಓದಿಗೆ ನನಗೆ ಬೇಸರವೇ ಬಂತು. ಹಾಪ್ಕಿನ್ಸ್ ವಿದ್ಯಾರ್ಥಿನಿಯಾಗಿ ಜೇಮ್ಸ್ ವಾಟ್ಸನ್ ಪಾಠ ಕೇಳಿ ವಿಜ್ಞಾನಕ್ಕೆ ಮಾರುಹೋದದ್ದು, ಮದುವೆ, ವಿಚ್ಛೇದನ, ಯಾರೋ ಏನೋ ಅಂದದ್ದು, ಇನ್ನಾರೋ ಹೆಸರು ಬಿಟ್ಟದ್ದು. ಒಂದೊಂದೂ ಚಿಲ್ಲರೆ. 'ಇದಕ್ಕೆಲ್ಲ ಯಾರಾದರೂ ದೂರು ಕೊಡುತ್ತಾರಾ?' ಎಂದುಕೊಂಡೇ ಪುಟ ತಿರುಗಿಸಿದೆ. ಹೀಗೆ ಅಂದುಕೊಳ್ಳುವಂತೆ ಮಾಡುವುದೇ ಪುಸ್ತಕದ ಶಕ್ತಿ ಎಂದು ಹೊಳೆದದ್ದು ಎಷ್ಟೋ ಆಮೇಲೆ. ಹಾಪ್ಕಿನ್ಸ್ ಕೂಡ ಇಪ್ಪತ್ತು ವರ್ಷ ಅಂದುಕೊಂಡದ್ದು ಅದನ್ನೇ. ವಿಜ್ಞಾನದಲ್ಲಿ ಪ್ರತಿಭೆಯೊಂದೇ ಲೆಕ್ಕ, ನನಗೆ ಹೀಗಾದರೆ ಅದು ನನ್ನ ಸ್ವಭಾವದ ತೊಂದರೆ, ಆ ಒಬ್ಬ ಮನುಷ್ಯನ ತೊಂದರೆ ಎಂದು. ಓದುಗನನ್ನೂ ಆ ನಂಬಿಕೆಯೊಳಗೆ ಕೂರಿಸಿ, ನಿಧಾನವಾಗಿ ಎಬ್ಬಿಸುತ್ತಾರೆ ಲೇಖಕಿ.

ನನಗೆ ಅತ್ಯಂತ ಹಿಡಿಸಿದ ದೃಶ್ಯ ಟೇಪಿನದಲ್ಲ, ಕೆಫೆಯದು. 1994ರಲ್ಲಿ ಹಾಪ್ಕಿನ್ಸ್ ಎಂ.ಐ.ಟಿ. ಅಧ್ಯಕ್ಷರಿಗೆ ಒಂದು ಪತ್ರ ಬರೆದು, ಕಳಿಸುವ ಮುಂಚೆ ಸಹೋದ್ಯೋಗಿ ಮೇರಿ-ಲೂ ಪಾರ್ಡ್ಯೂ ಅವರಿಗೆ ತೋರಿಸುತ್ತಾರೆ. ಪಾರ್ಡ್ಯೂ ಗಂಭೀರ, ಮಿತಭಾಷಿ. ತನ್ನನ್ನು ಗೊಣಗುಬುರುಕಿ ಅಂದುಕೊಳ್ಳುತ್ತಾರೇನೋ ಎಂದು ಹಾಪ್ಕಿನ್ಸ್‌ಗೆ ಅಳುಕು. ಪಾರ್ಡ್ಯೂ ಪೂರ್ತಿ ಓದಿ, ಇದಕ್ಕೆ ನಾನೂ ಸಹಿ ಹಾಕುತ್ತೇನೆ ಎನ್ನುತ್ತಾರೆ. ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಇಬ್ಬರಿಗೂ ಇದು ತನ್ನೊಬ್ಬಳ ಪಾಡು ಎಂಬ ಭಾವನೆಯೇ ಇತ್ತು. ಆಮೇಲೆ ಇಬ್ಬರೂ ಲೆಕ್ಕ ಹಾಕುತ್ತಾರೆ. ಇಡೀ ವಿಜ್ಞಾನ ವಿಭಾಗಗಳಲ್ಲಿ ಟೆನ್ಯೂರ್ ಪಡೆದ, ಅಂದರೆ ಕಾಯಂ ಆದ, ಗಂಡಸರು 194, ಹೆಂಗಸರು 15. ಎಂಜಿನಿಯರಿಂಗಿನವರೂ ಸೇರಿ ಕೊನೆಗೆ ಜತೆಗೂಡಿದವರು 16 ಮಂದಿ. ಡೀನ್ ರಾಬರ್ಟ್ ಬರ್ಜೆನೋ ಅವರ ಮಾತು ಕೇಳಿಸಿಕೊಂಡರು, ಸಮಿತಿ ರಚನೆಯಾಯಿತು.

1999ರ ಮಾರ್ಚಿನಲ್ಲಿ ಎಂ.ಐ.ಟಿ.ಯ ಅಧ್ಯಾಪಕರ ಪತ್ರಿಕೆಯಲ್ಲಿ ಪ್ರಕಟವಾದ ಆ ಸಮಿತಿಯ ವರದಿಯನ್ನು ಪುಸ್ತಕದ ಜೊತೆಗೇ ಓದುವುದು ಒಳ್ಳೆಯದು. ತೀರ ಒಣ ಭಾಷೆ, ಆದರೆ ಒಳಗೆ ದೊಡ್ಡ ಮಾತಿದೆ. ಕಿರಿಯ ಅಧ್ಯಾಪಕಿಯರು ತಮಗೆ ಬೆಂಬಲವಿದೆ, ಮುಂದಿನ ತೊಂದರೆ ಏನಿದ್ದರೂ ಮನೆ-ಮಕ್ಕಳನ್ನು ತೂಗಿಸುವುದು ಎಂದುಕೊಂಡಿದ್ದರು. ಹಿರಿಯರೂ ಒಂದು ಕಾಲಕ್ಕೆ ಹಾಗೇ ಅಂದುಕೊಂಡಿದ್ದವರು. ಮೇಲೇರಿದಂತೆ ಸಂಬಳ, ಜಾಗ, ಪ್ರಶಸ್ತಿ, ಸಮಿತಿಗಳಲ್ಲಿನ ಮಾತು, ಎಲ್ಲದರಲ್ಲೂ ಅಂಚಿಗೆ ಸರಿದಿದ್ದರು. ಅಂದರೆ ಕಾಲ ಬದಲಾಯಿತು ಎಂದು ಪ್ರತಿ ತಲೆಮಾರೂ ನಂಬುವುದಕ್ಕೆ ಕಾರಣ, ತಾರತಮ್ಯ ಕಾಣಿಸಿಕೊಳ್ಳುವುದು ನಡುವಯಸ್ಸಿನಲ್ಲಿ ಎಂಬುದು. ಆರು ವಿಭಾಗಗಳಲ್ಲಿ ಮೂರರಲ್ಲಿ ಆಗಲೇ ವಿದ್ಯಾರ್ಥಿಗಳಿಗಿಂತ ವಿದ್ಯಾರ್ಥಿನಿಯರು ಹೆಚ್ಚಿದ್ದರು. ಅಧ್ಯಾಪಕಿಯರ ಪಾಲು ಮಾತ್ರ ಕನಿಷ್ಠ ಹತ್ತು ವರ್ಷದಿಂದ ಶೇ. 8ರ ಆಚೀಚೆಯೇ ನಿಂತಿತ್ತು. ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಮುನ್ನುಡಿಯಲ್ಲಿ, ಈ ತಾರತಮ್ಯದಲ್ಲಿ ಭಾವನೆಯ ಪಾಲಿಗಿಂತ ವಾಸ್ತವದ ಪಾಲೇ ಬಹಳ ದೊಡ್ಡದು ಎಂದು ಒಪ್ಪಿಕೊಂಡರು. ಒಂದು ಸಂಸ್ಥೆ ತನ್ನ ಬಗ್ಗೆಯೇ ಹೀಗೆ ಒಪ್ಪಿಕೊಳ್ಳುವುದು ಎಷ್ಟು ಅಪರೂಪ ಎಂದು ಕಂಪನಿಗಳಲ್ಲಿ ಇರುವ ನಮಗೆ ಗೊತ್ತು.

ತಕರಾರುಗಳೂ ಇವೆ. ವರದಿಯ ಮೂಲ ಅಂಕಿಗಳನ್ನು ಸಮಿತಿ ಗೋಪ್ಯವಾಗಿಟ್ಟಿತು. ಮನಶ್ಶಾಸ್ತ್ರಜ್ಞೆ ಜೂಡಿತ್ ಕ್ಲೈನ್‌ಫೆಲ್ಡ್ ಅದೇ ವರ್ಷ ಇದನ್ನು ಕಟುವಾಗಿ ಟೀಕಿಸಿದರು: ದೂರು ಕೊಟ್ಟವರೇ ಸಮಿತಿಯಲ್ಲಿದ್ದಾರೆ, ಅಂಕಿ ತೋರಿಸುವುದಿಲ್ಲ, ಇದು ವಿಜ್ಞಾನವೇ? ಹದಿನೈದೇ ಜನರಿರುವ ಕಡೆ ಸಂಬಳದ ಪಟ್ಟಿ ಹಾಕಿದರೆ ಯಾರದು ಯಾವುದು ಎಂದು ಎಲ್ಲರಿಗೂ ತಿಳಿದುಹೋಗುತ್ತದೆ ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ. ಆದರೂ ಬೇರೆಯವರು ಮತ್ತೊಮ್ಮೆ ಅಳೆಯಲಾಗದ ಅಳತೆ ಅರ್ಧ ಅಳತೆಯೇ. ನನ್ನ ಇನ್ನೊಂದು ತಕರಾರು ಪುಸ್ತಕದ ಹೆಸರಿನಲ್ಲೇ ಇದೆ. ಇದು ಒಳಗೆ ಉಳಿದವರ, ಅಪವಾದಗಳ ಕಥೆ. ಪಿಎಚ್‌ಡಿ ಮುಗಿಸಿ ಹೊರಗೇ ಉಳಿದವರ ಪ್ರಯೋಗಾಲಯವನ್ನು ಅಳೆಯುವುದು ಹೇಗೆ? ಇಲ್ಲದ ಕೋಣೆಗೆ ಟೇಪು ಹಿಡಿಯಲಾಗದು.

ಈ ಪ್ರಶ್ನೆ ನನ್ನನ್ನು ನಮ್ಮದೇ ಇನ್ನೊಂದು ಪುಸ್ತಕಕ್ಕೆ ಕರೆದೊಯ್ದಿತು. ರೋಹಿಣಿ ಗೋಡಬೋಲೆ ಮತ್ತು ರಾಮ್ ರಾಮಸ್ವಾಮಿ ಸಂಪಾದಿಸಿದ 'ಲೀಲಾವತೀಸ್ ಡಾಟರ್ಸ್', 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ತಂದದ್ದು. ಭಾರತದ ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕು, ಹೆಚ್ಚಿನವು ಅವರದೇ ಮಾತಿನಲ್ಲಿ. ಗೋಡಬೋಲೆ ಇದೇ ಪುಣೆಯ ಮಗಳು, ಬೆಂಗಳೂರಿನ ಐ.ಐ.ಎಸ್ಸಿ.ಯಲ್ಲಿ ಪಾಠ ಮಾಡಿದವರು. 2024ರಲ್ಲಿ ತೀರಿಕೊಂಡರು. ಅವರ ಈ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಆದರೆ ಓದುತ್ತಾ ಹೋದಂತೆ ಒಂದು ದನಿ ಮತ್ತೆ ಮತ್ತೆ ಕೇಳಿಸುತ್ತದೆ: ಅಪ್ಪ ಓದಿಸಿದರು, ಗಂಡ ಸಹಕರಿಸಿದರು, ಅತ್ತೆ ಮಗುವನ್ನು ನೋಡಿಕೊಂಡರು, ನಾನು ಅದೃಷ್ಟವಂತೆ. ಸುಳ್ಳೆಂದು ಹೇಳುತ್ತಿಲ್ಲ. ಆದರೆ ಕೃತಜ್ಞತೆಯ ಬರವಣಿಗೆಯಲ್ಲಿ ಚದರ ಅಡಿಗೆ ಜಾಗವಿರುವುದಿಲ್ಲ. ಗಂಡಸು ವಿಜ್ಞಾನಿಯ ಆತ್ಮಕಥೆಯಲ್ಲಿ 'ಹೆಂಡತಿ ಕೆಲಸ ಮಾಡಲು ಬಿಟ್ಟಳು' ಎಂಬ ಸಾಲು ಬರುವುದಿಲ್ಲವಷ್ಟೆ.

ಇಂಥ ಅದೃಷ್ಟದ ಬೆಲೆ ಎಷ್ಟಿತ್ತು ಎಂದು ನೋಡಲು ಐ.ಐ.ಎಸ್ಸಿ.ಗೇ ಹೋಗಬಹುದು. 1933ರಲ್ಲಿ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿ, ಹೆಣ್ಣೆಂಬ ಕಾರಣಕ್ಕೇ ಸರ್ ಸಿ.ವಿ. ರಾಮನ್ ಅವರಿಂದ ಪ್ರವೇಶ ನಿರಾಕರಣೆಗೆ ಒಳಗಾದರು. ಪಟ್ಟುಹಿಡಿದ ಮೇಲೆ, ಒಂದು ವರ್ಷದ ಪರೀಕ್ಷಾವಧಿ ಮುಂತಾದ ಷರತ್ತುಗಳೊಡನೆ ಒಳಗೆ ಬಂದರು, ಆಮೇಲೆ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಪಡೆದರು. ಆ ಷರತ್ತಿನ ಅವಮಾನವನ್ನು ಅವರು ಮುಪ್ಪಿನವರೆಗೂ ಮರೆಯಲಿಲ್ಲ. ನಮ್ಮ ನಾಡಿನ ರಾಜೇಶ್ವರಿ ಚಟರ್ಜಿ ಮಿಶಿಗನ್‌ನಲ್ಲಿ ಓದಿ, 1953ರಲ್ಲಿ ಐ.ಐ.ಎಸ್ಸಿ.ಗೆ ಅಧ್ಯಾಪಕಿಯಾಗಿ ಸೇರಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಮೊದಲಿಗರ ಪಟ್ಟಿಯಲ್ಲಿ ಈ ಹೆಸರುಗಳನ್ನು ಹೆಮ್ಮೆಯಿಂದ ಓದುತ್ತೇವೆ. ಎರಡನೆಯವರು, ಹತ್ತನೆಯವರು ಬರಲು ಎಷ್ಟು ತಡವಾಯಿತು ಎಂದು ಕೇಳುವುದಿಲ್ಲ.

ಇವತ್ತಿನ ಲೆಕ್ಕ ಸಮಾಧಾನ ತರುವಂತೆ ಕಾಣುತ್ತದೆ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ ಪ್ರತಿ 100 ಅಧ್ಯಾಪಕರಿಗೆ 77 ಅಧ್ಯಾಪಕಿಯರು. ಆದರೆ ಪ್ರೊಫೆಸರ್ ಹುದ್ದೆಯ ಕಡೆಗೆ ಹತ್ತಿದಂತೆ ಈ ಪಾಲು ಕರಗುತ್ತದೆ. ಬಯಾಸ್‌ವಾಚ್ ಇಂಡಿಯಾದವರು ವಿಜ್ಞಾನ-ತಂತ್ರಜ್ಞಾನದ ಸುಮಾರು ನೂರು ಸಂಸ್ಥೆಗಳನ್ನು ಎಣಿಸಿದಾಗ ಮಹಿಳೆಯರು ಸಿಕ್ಕಿದ್ದು ಶೇ. 17ರ ಆಸುಪಾಸು. ನಾನು ಓದಿದ ಬಿಟೆಕ್, ಎಂಟೆಕ್ ತರಗತಿಗಳ ಸಾಲನ್ನು ನೆನೆದರೆ ಇದರಲ್ಲಿ ಅಚ್ಚರಿಯೇನಿಲ್ಲ. ಅವತ್ತು ಅದು ಕಣ್ಣಿಗೆ ಬೀಳಲೇ ಇಲ್ಲವಲ್ಲ ಎಂಬುದೇ ಅಚ್ಚರಿ.

ಈ ಲೇಖನ ಬರೆಯುವ ಮುಂಚೆ ಪುಸ್ತಕದ ವಿಷಯವನ್ನು ಹೆಂಡತಿಗೆ ಹೇಳಿದೆ. ಅವಳು ಇಲ್ಲಿನ ಕಾಲೇಜೊಂದರಲ್ಲಿ ಹನ್ನೆರಡು ವರ್ಷದಿಂದ ಪಾಠ ಮಾಡುತ್ತಾಳೆ. ಕೇಳಿ ನಕ್ಕು, ಹಾಳೆಯೊಂದರ ಮೇಲೆ ತನಗೆ ಈ ವರ್ಷ ಬಂದ ಕೆಲಸಗಳನ್ನು ಬರೆದಳು. ಅತಿಥಿ ಸತ್ಕಾರ ಸಮಿತಿ, ಸಾಂಸ್ಕೃತಿಕ ಸಮಿತಿ, ದೀಪ ಬೆಳಗಿಸುವ ವೇದಿಕೆಯ ಅಲಂಕಾರ, ಹುಡುಗಿಯರ ದೂರುಗಳ ಕೋಶ, ಪರೀಕ್ಷಾ ಮೇಲ್ವಿಚಾರಣೆ. ಜತೆಗೇ ಸೇರಿದ ಗಂಡಸರಿಗೆ ಬಂದದ್ದು ಪಿಎಚ್‌ಡಿ ವಿದ್ಯಾರ್ಥಿಗಳು, ಕನ್ಸಲ್ಟೆನ್ಸಿ. "ನನ್ನನ್ನು ಯಾರೂ ಬೈದಿಲ್ಲ ರೀ, ತುಂಬಾ ಮರ್ಯಾದೆಯಿಂದಲೇ ಕೊಟ್ಟಿದ್ದಾರೆ" ಎಂದಳು. ನಾನು ಉತ್ಸಾಹದಲ್ಲಿ ಲ್ಯಾಪ್‌ಟಾಪ್ ತೆಗೆದು ಅದನ್ನೆಲ್ಲ ಎಕ್ಸೆಲ್ ಶೀಟಿಗೆ ಇಳಿಸತೊಡಗಿದೆ. ಯಾವ ಕೆಲಸಕ್ಕೆ ವಾರಕ್ಕೆ ಎಷ್ಟು ಗಂಟೆ, ಬಡ್ತಿಗೆ ಯಾವುದು ಲೆಕ್ಕ, ಯಾವುದು ಅಲ್ಲ. ಅವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು, "ಇನ್ನೊಂದು ಕಾಲಂ ಹಾಕಿ. ಮಗುವಿಗೆ ಜ್ವರ ಬಂದಾಗ ಯಾರು ರಜೆ ಹಾಕಿದ್ದು ಅಂತ" ಎಂದಳು.

ಹಾಕಿದೆ. ಹನ್ನೆರಡು ವರ್ಷಗಳಲ್ಲಿ ನನ್ನ ಹೆಸರಿನ ಎದುರು ಬಂದದ್ದು ನಾಲ್ಕು ದಿನ. ಅದರಲ್ಲಿ ಎರಡು ದಿನ ಲಾಕ್‌ಡೌನಿನವು, ನಾನು ಹೇಗೂ ಮನೆಯಲ್ಲೇ ಇದ್ದೆ. ಅವಳ ಪಿಎಚ್‌ಡಿ ನೋಂದಣಿಯ ಅವಧಿ ಮುಗಿದುಹೋದ ವರ್ಷ ಯಾವುದು ಎಂದು ನೋಡಿದೆ. ನನಗೆ ಆರು ತಿಂಗಳ ಆನ್‌ಸೈಟ್ ಸಿಕ್ಕ ವರ್ಷ.

ಶೀಟನ್ನು ಅವಳು ಇನ್ನೂ ಕಾಲೇಜಿನಲ್ಲಿ ಯಾರಿಗೂ ತೋರಿಸಿಲ್ಲ. ಅಲ್ಲಿ ಅವಳ ಜತೆ ಇನ್ನೂ ಆರು ಜನ ಅಧ್ಯಾಪಕಿಯರಿದ್ದಾರೆ. ಮೊದಲು ಒಬ್ಬರ ಜತೆ ಚಹಾಕ್ಕೆ ಕೂರುತ್ತೇನೆ ಎಂದಿದ್ದಾಳೆ. ಮತ್ತೆ ನೋಂದಣಿ ಮಾಡಿಸುವ ಅರ್ಜಿಯೂ ಮೇಜಿನ ಮೇಲಿದೆ.